ಹಿಂದಿನ ಚಕ್ರದ ಬಿಗಿ

“ಬಿಗಿ ಇದೆ ಅಂದ್ರೆ ಇದೆ ಕಣ್ರೀ! ಸುಳ್ಳು ಹೇಳೋಕೆ ಭಾನುವಾರ ಬೆಳಿಗ್ಗೆ ನಿದ್ದೆ ಬಿಟ್ಟು ಬಂದಿದೀನಾ ನಾನು?”

“ಡಾಕ್ಟ್ರೇ, ಮೆಲ್ಲಗೆ ಮಾತಾಡಿ. ಈ ಅಂಗಡಿಲಿ ಕೂಗಾಡೋ ಕೆಲಸ ನಂದು.”

“ಅದೊಂದನ್ನ ಚೆನ್ನಾಗಿ ಮಾಡ್ತೀರಿ! ನಿಮ್ಮ ಕೈಗೆ ಕೊಡೋ ಮುಂಚೆ ಬೆಣ್ಣೆ ಹಾಗೆ ತಿರುಗ್ತಿತ್ತು ಈ ಚಕ್ರ. ಈಗ ಹಿಂದುಗಡೆ ಯಾರನ್ನೋ ಕೂರಿಸ್ಕೊಂಡು ತುಳಿದ ಹಾಗಿದೆ.”

“ಕಾಲಲ್ಲಿ ಕಸುವಿಲ್ಲದೇ ಇದ್ರೆ ಚಕ್ರದ ಮೇಲೆ ಯಾಕೆ ಹಾಕ್ತೀರಾ? ವಯಸ್ಸಾಯ್ತು ಅಂತ ಒಪ್ಕೊಳ್ಳಿ.”

“ರೀ, ನಾನು ನಿಮಗಿಂತ ಚಿಕ್ಕೋನು!”

ಹಲ್ಲಿನ ಡಾಕ್ಟರು ತಮ್ಮ ಮೌಂಟನ್ ಬೈಕನ್ನು ನನ್ನ ಸೈಕಲ್ ಅಂಗಡಿಯ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿಕೊಂಡು ನಿಂತಿದ್ದರು. ಹೆಲ್ಮೆಟ್ಟು ತಲೆಯ ಮೇಲೇ ಇತ್ತು. ಮುಖ ಕೆಂಪಾಗಿತ್ತು. ನನ್ನ ಮುಖವೂ ಹಾಗೇ ಇದ್ದಿರಬೇಕು. ನನಗೆ ಸಿಟ್ಟು ಬರಲು ಕಾರಣ ಬೇಕಿಲ್ಲ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಅವತ್ತು ಕಾರಣವೂ ಇತ್ತು. ಚಕ್ರಗಳ ಕೆಲಸದಲ್ಲಿ ನನ್ನ ಮೇಲೆ ಯಾರೂ ಬೆರಳು ತೋರಿಸಿದ್ದಿಲ್ಲ.

ಒಳಗಿನಿಂದ ನನ್ನ ಬಾಮೈದ ಬಂದ. ಹೆಂಡತಿಯ ತಮ್ಮ. ಮದುವೆಯಾಗಿಲ್ಲ, ನಮ್ಮ ಮನೆಯಲ್ಲೇ ಇರುತ್ತಾನೆ, ನನ್ನ ಜೊತೆ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಬಿಚ್ಚುವುದು, ತೊಳೆಯುವುದು, ಗ್ರೀಸು ತುಂಬುವುದು ಅವನ ಪಾಲು. ಹದ ನೋಡುವುದು, ಅಳತೆ ನೋಡುವುದು ನನ್ನ ಪಾಲು. ಅವನ ಬಾಯಿಂದ ಮಾತು ಹೊರಡುವುದೇ ಅಪರೂಪ. ಅವತ್ತು ಮಾತ್ರ ಕೇಳದೆಯೇ ಮಾತಾಡಿದ.

“ಬ್ರೇಕ್ ಉಜ್ತಿರಬೇಕು ಭಾವ. ಕೊಡಿ ಇಲ್ಲಿ, ನಾನು ನೋಡ್ತೀನಿ. ನೀವು ಕಾಫಿ ಕುಡಿದು ಬನ್ನಿ.”

“ಕಾಫಿ ಎಲ್ಲಿಗೂ ಓಡಿಹೋಗಲ್ಲ. ಸ್ಟ್ಯಾಂಡಿಗೆ ಹಾಕು.”

“ಸಣ್ಣ ಕೆಲಸ ಭಾವ. ನಾನೇ...”

“ಹಾಕು ಅಂದೆ.”

ಅವನು ಬೈಕನ್ನು ಎತ್ತಿ ಸ್ಟ್ಯಾಂಡಿಗೆ ಸಿಕ್ಕಿಸಿದ. ಡಾಕ್ಟರು ಹೆಲ್ಮೆಟ್ಟು ತೆಗೆದು ಬೆಂಚಿನ ಮೇಲಿಟ್ಟು, ತಪ್ಪು ಮಾಡಿದ ಹುಡುಗನನ್ನು ಹಿಡಿದು ತಂದ ಮೇಷ್ಟ್ರ ಹಾಗೆ ಕೈ ಕಟ್ಟಿ ನಿಂತರು.

ನಾನು ಪೆಡಲ್ ಹಿಡಿದು ಚಕ್ರವನ್ನು ಜೋರಾಗಿ ತಿರುಗಿಸಿ ಕೈ ಬಿಟ್ಟೆ. ಸರಿಯಾದ ಸೈಕಲ್ಲಾದರೆ ಪೆಡಲ್ ಅಲ್ಲೇ ನಿಲ್ಲಬೇಕು, ಚಕ್ರ ಮಾತ್ರ ತಿರುಗುತ್ತಾ ಇರಬೇಕು. ಚಕ್ರದ ನಡುವಿನ ಗುಂಬ, ಅಂದರೆ ಹಬ್‌ನ ಬಲಗಡೆ ಕೂತಿರುವ ಫ್ರೀವೀಲಿನ ಕೆಲಸವೇ ಅದು. ಇಲ್ಲಿ ಪೆಡಲ್ ನಿಲ್ಲಲಿಲ್ಲ. ಚಕ್ರದ ಜೊತೆಗೇ ತಾನೂ ಸುತ್ತುತ್ತಾ ಹೋಯಿತು. ಹಿಡಿದು ನಿಲ್ಲಿಸಿದೆ. ಕೂಡಲೇ ಮೇಲಿನ ಚೈನು ಸಡಿಲಾಗಿ ಜೋತುಬಿತ್ತು. ಚಕ್ರ ನಾಲ್ಕು ಸುತ್ತು ತಿರುಗುವುದರೊಳಗೆ ಸುಸ್ತಾಗಿ ನಿಂತಿತು.

“ಈಗ ಯಾರ ಕಾಲಲ್ಲಿ ಕಸುವಿಲ್ಲ?” ಎಂದರು ಡಾಕ್ಟರು.

ಚಕ್ರ ನಿಲ್ಲುತ್ತಿದೆ ಎಂದರೆ ಎಲ್ಲೋ ಹಿಡಿಯುತ್ತಿದೆ. ಎಲ್ಲಿ ಎನ್ನುವುದನ್ನು ಒಂದೊಂದಾಗಿ ತಳ್ಳಿಹಾಕುತ್ತಾ ಹುಡುಕಬೇಕು. ಬ್ರೇಕನ್ನು ಬಿಚ್ಚಿ ಪಕ್ಕಕ್ಕೆ ಸರಿಸಿದೆ. ಡಿಸ್ಕಿಗೆ ಈಗ ಏನೂ ತಾಗುತ್ತಿರಲಿಲ್ಲ. ಮತ್ತೆ ತಿರುಗಿಸಿದೆ. ಮೊದಲಿನ ಹಾಗೇ ನಿಂತಿತು.

“ಬ್ರೇಕಲ್ಲ,” ಎಂದೆ.

“ಹಾಗಾದ್ರೆ ಗ್ರೀಸು ಜಾಸ್ತಿಯಾಗಿರಬೇಕು ಭಾವ. ಹೊಸ ಗ್ರೀಸು. ನಾಲ್ಕು ದಿನ ಓಡಿಸಿದ್ರೆ ಸರಿಹೋಗುತ್ತೆ.”

“ಗ್ರೀಸಿಗೆ ಇಷ್ಟು ಬಿಗಿ ಬರುತ್ತೇನೋ? ಎಷ್ಟು ವರ್ಷದಿಂದ ಇದೀಯ ಈ ಕೆಲಸದಲ್ಲಿ?”

ಅವನು ಕೈಯಲ್ಲಿದ್ದ ಸ್ಪಾನರನ್ನು ಬಟ್ಟೆಯಿಂದ ಒರೆಸತೊಡಗಿದ. ಅದು ಆಗಲೇ ಫಳಫಳ ಹೊಳೆಯುತ್ತಿತ್ತು. ಒರೆಸುತ್ತಲೇ ಗೋಡೆಯ ಗಡಿಯಾರ ನೋಡಿದ. ಇವನಿಗೆ ಇವತ್ತು ಏನಾಗಿದೆ ಎಂದುಕೊಂಡೆ. ಹೊಟ್ಟೆ ಸರಿಯಿಲ್ಲವೇನೋ ಎನ್ನಿಸಿತು.

ಆಮೇಲೆ ಅಲನ್ ಕೀ ತೆಗೆದುಕೊಂಡು ಆಕ್ಸಲ್ಲನ್ನು ಅರ್ಧ ಸುತ್ತು ಸಡಿಲ ಮಾಡಿದೆ. ಚಕ್ರ ತಿರುಗಿಸಿದೆ. ಗಾಳಿಯ ಹಾಗೆ ತಿರುಗಿತು. ಪೆಡಲ್ ಅಲುಗಾಡದೆ ನಿಂತಿತು. ಆಕ್ಸಲ್ಲನ್ನು ಮತ್ತೆ ಬಿಗಿ ಮಾಡಿದೆ. ಚಕ್ರ ಮತ್ತೆ ಹಿಡಿದುಕೊಂಡಿತು.

“ಇದೇನು ಮ್ಯಾಜಿಕ್?” ಎಂದು ಡಾಕ್ಟರು ಬಗ್ಗಿ ನೋಡಿದರು. ಅವರ ಸಿಟ್ಟು ಇಳಿದು ಕುತೂಹಲ ಹತ್ತಿತ್ತು.

“ಮ್ಯಾಜಿಕ್ ಅಲ್ಲ. ಬೇರಿಂಗು ಪಕ್ಕದಿಂದ ಒತ್ತಿಸ್ಕೊಳ್ತಿದೆ. ಫ್ರೀವೀಲಿನ ಒಳಗೆ ಎರಡು ಬೇರಿಂಗ್ ಇರುತ್ತೆ. ಎರಡರ ಮಧ್ಯೆ ಒಂದು ಸಣ್ಣ ಬುಶ್, ಬೆರಳಿನ ಗಿಣ್ಣಿನಷ್ಟು ಉದ್ದದ ಕೊಳವೆ. ಆಕ್ಸಲ್ ಬಿಗಿ ಮಾಡಿದಾಗ ಆ ಒತ್ತಡವನ್ನೆಲ್ಲ ಈ ಬುಶ್ ಹೊರಬೇಕು. ಅದು ಕೂದಲೆಳೆಯಷ್ಟು ಗಿಡ್ಡ ಇದ್ರೂ ಸಾಕು, ಒತ್ತಡ ಬೇರಿಂಗ್ ಮೇಲೆ ಬೀಳುತ್ತೆ.”

“ಅದು ತಾನಾಗೇ ಗಿಡ್ಡ ಆಗುತ್ತಾ?”

“ಕಬ್ಬಿಣ ಅದು. ನಿಮ್ಮ ರೋಗಿಗಳ ಹಲ್ಲಲ್ಲ ಸವೆಯೋಕೆ.”

ಹೀಗೆ ತಮಾಷೆ ಮಾಡುತ್ತಲೇ ಚಕ್ರ ಬಿಚ್ಚಿದೆ. ಫ್ರೀವೀಲನ್ನು ಎಳೆದು ತೆಗೆದು ಒಂದು ಬೇರಿಂಗ್ ಬಿಡಿಸಿ ಬುಶ್ಶನ್ನು ಅಂಗೈಗೆ ಹಾಕಿಕೊಂಡೆ. ಜೇಬಿನಿಂದ ಅಳತೆಯ ವರ್ನಿಯರ್ ತೆಗೆದೆ. ಅದು ಯಾವಾಗಲೂ ನನ್ನ ಅಂಗಿಯ ಜೇಬಿನಲ್ಲೇ ಇರುತ್ತದೆ. ಯಾರ ಕೈಗೂ ಕೊಡುವುದಿಲ್ಲ. ಬುಶ್ಶನ್ನು ಅದರ ದವಡೆಗೆ ಹಿಡಿದು ಓದಿದೆ. ಕನ್ನಡಕ ಹಾಕಿಕೊಂಡು ಮತ್ತೆ ಓದಿದೆ.

ಇದು ಡಾಕ್ಟರ ಹಬ್‌ನ ಬುಶ್ ಅಲ್ಲ.

ಈ ಕಂಪನಿಯ ಹಬ್‌ಗಳಲ್ಲಿ ಹಳೆಯ ಮಾದರಿ ಒಂದು, ಹೊಸ ಮಾದರಿ ಒಂದು. ಹೊರಗಿನಿಂದ ಅವಳಿ ಮಕ್ಕಳ ಹಾಗೆ. ಬಣ್ಣ ಒಂದೇ, ಬೇರಿಂಗ್ ಒಂದೇ. ಒಳಗಿನ ಬುಶ್ ಮಾತ್ರ ಹಳೆಯದರಲ್ಲಿ ತುಸು ಉದ್ದ, ಹೊಸದರಲ್ಲಿ ತುಸು ಗಿಡ್ಡ. ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಡಾಕ್ಟರದು ಹಳೆಯ ಮಾದರಿ. ನನ್ನ ಅಂಗೈಯಲ್ಲಿ ಇದ್ದದ್ದು ಹೊಸ ಮಾದರಿಯ ಗಿಡ್ಡ ಬುಶ್.

ಊರಿನಲ್ಲಿ ಹೊಸ ಮಾದರಿಯ ಹಬ್ ಇರುವುದು ಒಂದೇ ಬೈಕಿನಲ್ಲಿ. ನನ್ನ ಮಗಳ ಬೈಕಿನಲ್ಲಿ. ಅವಳ ಹಿಂದಿನ ಚಕ್ರವನ್ನೂ ಡಾಕ್ಟರದನ್ನೂ ಒಂದೇ ದಿನ ಬಿಚ್ಚಿದ್ದೆವು.

ಬುಶ್ಶನ್ನು ಅಂಗೈಯಲ್ಲೇ ಮುಚ್ಚಿ ಹಿಡಿದು ಬಾಮೈದನ ಕಡೆ ತಿರುಗಿದೆ.

“ಲೋ,” ಎಂದೆ. “ತಟ್ಟೆ ಎರಡೂ ಬೇರೆ ಬೇರೆ ಇಟ್ಟಿದ್ದೆ ತಾನೆ?”

ನಮ್ಮ ಅಂಗಡಿಯ ಪದ್ಧತಿ ಅದು. ಒಂದು ಚಕ್ರಕ್ಕೆ ಒಂದು ಸ್ಟೀಲ್ ತಟ್ಟೆ. ಬಿಚ್ಚಿದ ಸಾಮಾನೆಲ್ಲ ಅದರಲ್ಲೇ ಇರಬೇಕು, ತೊಳೆದ ಮೇಲೆ ಮತ್ತೆ ಅದಕ್ಕೇ ಬರಬೇಕು.

ಬಾಮೈದ ಸ್ಪಾನರ್ ಒರೆಸುವುದನ್ನು ನಿಲ್ಲಿಸಿದ.

“ಕೈ ತಾಗಿ ಎರಡೂ ತೊಳೆಯೋ ಡಬ್ಬಕ್ಕೆ ಬಿದ್ವು ಭಾವ. ಆರಿಸಿ ಆರಿಸಿ ಹಾಕಿದೆ. ಎಲ್ಲಾ ಒಂದೇ ತರ ಇತ್ತು. ಬುಶ್ಶೂ ಒಂದೇ ಅಂದ್ಕೊಂಡೆ.”

“ಅಂದ್ಕೊಂಡೆಯಾ?”

“ಅದಲು ಬದಲು ಆಗಿರಬಹುದು.”

ಡಾಕ್ಟರು ನನ್ನನ್ನೂ ಅವನನ್ನೂ ನೋಡಿದರು. “ಅಂದ್ರೆ ನನ್ನ ಬುಶ್ ನಿಮ್ಮ ಮಗಳ ಚಕ್ರದಲ್ಲಿದೆ. ಅಷ್ಟೇ ತಾನೆ? ಅವಳ ಚಕ್ರವೂ ಸ್ವಲ್ಪ ಬಿಗಿ ಇರುತ್ತೆ. ವಾಪಸ್ ಹಾಕಿದ್ರಾಯ್ತು.”

“ಬಿಗಿ ಇರಲ್ಲ ಡಾಕ್ಟ್ರೇ,” ಎಂದೆ. “ಬಿಗಿ ಇದ್ರೆ ನಾನು ಹೆದರ್ತಿರಲಿಲ್ಲ.”

ಗಿಡ್ಡ ಬುಶ್ ಹಾಕಿದರೆ ಚಕ್ರ ಹಿಡಿಯುತ್ತದೆ, ಸವಾರ ಬೈದುಕೊಂಡು ಅಂಗಡಿಗೆ ಬರುತ್ತಾನೆ. ಉದ್ದ ಬುಶ್ ಹಾಕಿದರೆ ಹಾಗಲ್ಲ. ಚಕ್ರ ಮೊದಲಿಗಿಂತ ಹಗುರವಾಗಿ ತಿರುಗುತ್ತದೆ. ಆದರೆ ಫ್ರೀವೀಲು ಒಂದಿಷ್ಟು ಹೊರಗೆ ಸರಿದು ಕೂರುತ್ತದೆ. ಒಳಗಿನ ಕೊಕ್ಕೆಗಳು ಹಬ್‌ನ ಹಲ್ಲನ್ನು ಪೂರ್ತಿ ಕಚ್ಚುವುದಿಲ್ಲ, ಅಂಚನ್ನಷ್ಟೇ ಹಿಡಿಯುತ್ತವೆ. ಮೆಲ್ಲಗೆ ತುಳಿದರೆ ಏನೂ ಆಗುವುದಿಲ್ಲ. ಎದ್ದು ನಿಂತು ಮೈಭಾರವೆಲ್ಲ ಹಾಕಿ ತುಳಿದಾಗ ಕೊಕ್ಕೆ ಜಾರುತ್ತದೆ. ಪೆಡಲ್ ಪಾತಾಳಕ್ಕೆ ಹೋಗುತ್ತದೆ, ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹೋಗುತ್ತಾನೆ.

ಮಗಳು ನಸುಕಿನಲ್ಲೇ ವ್ಯಾನು ಹತ್ತಿ ಬೆಟ್ಟಕ್ಕೆ ಹೋಗಿದ್ದಳು. ಇಳಿಜಾರಿನ ಪಂದ್ಯಕ್ಕೆ ಅಭ್ಯಾಸ. ಮೇಲಿನಿಂದ ಕೆಳಗಿನವರೆಗೆ ಕಲ್ಲು, ಬೇರು, ತಿರುವು. ಮುಕ್ಕಾಲು ದಾರಿ ಇಳಿದ ಮೇಲೆ ಒಂದು ಸಪಾಟು ಜಾಗ. ಅಲ್ಲಿ ಎದ್ದು ನಿಂತು ಜೋರಾಗಿ ತುಳಿದು, ಮುಂದೆ ಬರುವ ಹಳ್ಳವನ್ನು ಹಾರಿ ದಾಟಬೇಕು. ಹಳ್ಳದ ತಳದಲ್ಲಿ ಬಂಡೆಗಳಿವೆ. ಸವಾರರು ಅದನ್ನು ಬಾವಿ ಎಂದು ಕರೆಯುತ್ತಾರೆ.

ನಿನ್ನೆ ಸಂಜೆ ಅವಳು ಅಂಗಳದಲ್ಲಿ ಚಕ್ರ ತಿರುಗಿಸಿ, “ಅಪ್ಪಾ, ಎಷ್ಟು ಹಗುರ ಆಗಿದೆ ನೋಡು!” ಎಂದಿದ್ದಳು. ನಾನು ಮೀಸೆ ತಿರುವಿದ್ದೆ.

ಫೋನ್ ತೆಗೆದು ಅವಳಿಗೆ ಮಾಡಿದೆ. ಸಿಗಲಿಲ್ಲ. ಬೆಟ್ಟದ ಮೇಲೆ ಯಾರ ಫೋನೂ ಸಿಗುವುದಿಲ್ಲ ಎಂದು ಗೊತ್ತಿದ್ದೂ ಮತ್ತೆ ಮತ್ತೆ ಮಾಡಿದೆ. ಕೊನೆಗೆ ವ್ಯಾನಿನ ಡ್ರೈವರ್ ಸಿಕ್ಕಿದ.

“ಎಲ್ಲಿದೀಯಪ್ಪಾ? ನನ್ನ ಮಗಳಿಗೆ ಇಳೀಬೇಡ ಅಂತ ಹೇಳು!”

“ನಾನು ಆಗಲೇ ಇಳಿದು ಕೆಳಗೆ ಬಂದೆ ಅಣ್ಣಾ. ಅವರೆಲ್ಲ ಮೇಲೆ ಹೆಲ್ಮೆಟ್ ಹಾಕ್ಕೋತಿದ್ರು. ಇಷ್ಟು ಹೊತ್ತಿಗೆ ಹೊರಟಿರ್ತಾರೆ. ಏನಾಯ್ತು?”

ಡಾಕ್ಟರು ಕಾರಿನ ಕೀ ತೆಗೆದಿದ್ದರು. “ಮಾತು ಸಾಕು. ಬನ್ನಿ.”

ಅಂಗಡಿಯ ಬಾಗಿಲು ಹಾಕಲಿಲ್ಲ. ನಾನು ಮುಂದೆ ಕೂತೆ, ಬಾಮೈದ ಹಿಂದೆ. ಡಾಕ್ಟರು ಹಲ್ಲು ಕೀಳುವಷ್ಟೇ ಜೋಪಾನವಾಗಿ ಕಾರು ಓಡಿಸುವ ಮನುಷ್ಯ. ಪ್ರತಿ ತಿರುವಿನಲ್ಲೂ ಬ್ರೇಕ್ ಹಾಕುತ್ತಿದ್ದರು. ನನ್ನ ಕಾಲು ನನಗೆ ಗೊತ್ತಿಲ್ಲದೆಯೇ ನೆಲವನ್ನು ಒತ್ತುತ್ತಿತ್ತು.

“ಒತ್ರೀ ಸ್ವಲ್ಪ! ಮದುವೆ ಮೆರವಣಿಗೆ ಹೊರಟಿದೀವಾ?”

“ಮೂರು ಜನ ಇಲ್ಲೇ ಸತ್ರೆ ಅವಳನ್ನ ತಡೆಯೋರು ಯಾರು? ಬಾಯಿ ಮುಚ್ಕೊಂಡು ಕೂತ್ಕೊಳ್ಳಿ.”

ಬೇರೆ ದಿನವಾಗಿದ್ದರೆ ನನಗೆ ಹೀಗೆ ಹೇಳಿದವರ ಗತಿ ಬೇರೆಯೇ ಆಗುತ್ತಿತ್ತು. ಬಾಯಿ ಮುಚ್ಚಿಕೊಂಡು ಕೂತೆ. ಕನ್ನಡಿಯಲ್ಲಿ ಬಾಮೈದನ ಮುಖ ಕಾಣುತ್ತಿತ್ತು. ಅವನ ತುಟಿ ಒಣಗಿ ಬಿಳಿಚಿಕೊಂಡಿತ್ತು. ಬಗ್ಗಿ ಎರಡೂ ಕೈಗಳನ್ನು ಮಂಡಿಗಳ ಮಧ್ಯೆ ಸಿಕ್ಕಿಸಿಕೊಂಡಿದ್ದ. ಅವಳನ್ನು ಎತ್ತಿ ಆಡಿಸಿದವನು ಅವನು. ಸೈಕಲ್ ಕಲಿಸಿದವನೂ ಅವನೇ. ನಾನು ಕಲಿಸಲು ಹೋದಾಗ ಅವಳು ನನ್ನ ಕೂಗಾಟಕ್ಕೇ ಬಿದ್ದುಬಿಡುತ್ತಿದ್ದಳು.

ಬೆಟ್ಟದ ಬುಡದಲ್ಲಿ ಒಂದು ಬಯಲು. ವ್ಯಾನು ನಿಂತಿತ್ತು. ದಾರಿ ಮುಗಿಯುವ ಕಡೆ ಎರಡು ಗೂಟಕ್ಕೆ ಹಗ್ಗ ಕಟ್ಟಿದ್ದರು. ಡ್ರೈವರ್ ನಮ್ಮನ್ನು ಕಂಡು ಓಡಿ ಬಂದ.

“ಯಾರು ಬಂದ್ರು ಕೆಳಗೆ?”

“ಈಗ ತಾನೇ ಒಬ್ಬ ಬಂದ. ಮೇಲೆ ಹೊರಡೋದೇ ತಡ ಆಯ್ತಂತೆ. ಇನ್ನೂ ನಾಲ್ಕು ಜನ ಇದಾರೆ.”

ಮರಗಳ ಒಳಗಿನಿಂದ ಕಿರ್ರೆಂದು ಸದ್ದು ಬಂತು. ಫ್ರೀವೀಲಿನ ಸದ್ದು. ನಾನು ಉಸಿರು ಹಿಡಿದು ಕೇಳಿದೆ. ಪ್ರತಿ ಹಬ್‌ಗೂ ಅದರದೇ ದನಿ ಇರುತ್ತದೆ. ಇದು ಒರಟು ದನಿ, ಗ್ರೀಸು ಕಾಣದ ಹಬ್. ನನ್ನ ಮಗಳದಲ್ಲ. ಕೆಸರು ಮೆತ್ತಿದ ಹುಡುಗನೊಬ್ಬ ಹೊರಗೆ ಚಿಮ್ಮಿ ಬಂದು ನಿಂತ.

“ನನ್ನ ಮಗಳನ್ನ ನೋಡಿದ್ಯೇನಪ್ಪಾ?”

“ಹಿಂದೆ ಇದಾರೆ ಅಂಕಲ್.”

ಇನ್ನೊಂದು ಸದ್ದು. ಇದೂ ಅವಳದಲ್ಲ. ಮತ್ತೊಂದು. ಅದೂ ಅಲ್ಲ. ಕೊನೆಯಲ್ಲಿ ಬಂದ ಹುಡುಗಿ ಹೆಲ್ಮೆಟ್ ತೆಗೆದು ನಕ್ಕಳು. ನಮ್ಮ ಮುಖ ನೋಡಿ ನಗು ನಿಲ್ಲಿಸಿದಳು.

“ಅವಳು ನನಗಿಂತ ಮುಂಚೆ ಹೊರಟಳಲ್ಲ! ಬಂದಿಲ್ವಾ?”

“ನೀನು ದಾರೀಲಿ ನೋಡಲಿಲ್ವಾ?”

“ಇಲ್ಲ. ಯಾರೂ ಸಿಗಲಿಲ್ಲ.”

ಆ ಹುಡುಗಿಯ ಮಾತು ಮುಗಿಯುವ ಮುಂಚೆಯೇ ಬಾಮೈದ ಹಗ್ಗ ದಾಟಿ ಓಡಿದ್ದ. ನಾನೂ ಹಿಂದೆ ಹೋದೆ. ನನ್ನ ಬಲಮಂಡಿ ಹಾಳಾಗಿ ವರ್ಷಗಳಾಗಿವೆ, ಮೆಟ್ಟಿಲು ಹತ್ತುವಾಗಲೇ ಕುಯ್ಯೋ ಅನ್ನುತ್ತದೆ. ಅವತ್ತು ಅದು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಬೇರು ಹಿಡಿದುಕೊಂಡೆ, ಕಲ್ಲು ಹಿಡಿದುಕೊಂಡೆ, ಕೈಕಾಲು ಎರಡರಲ್ಲೂ ಹತ್ತಿದೆ. ಹಿಂದೆ ಡಾಕ್ಟರು ಏದುಸಿರು ಬಿಡುತ್ತಾ ಬರುತ್ತಿದ್ದರು. ಮೇಲೆ ಬಾಮೈದ ಅವಳ ಹೆಸರು ಹಿಡಿದು ಕೂಗುವುದು ಕೇಳುತ್ತಿತ್ತು. ಯಾವತ್ತೂ ದನಿ ಎತ್ತದವನ ಗಂಟಲು ಒಡೆದು ಹೋಗಿತ್ತು. ಕೂಗಿಗೆ ಬೆಟ್ಟ ಉತ್ತರ ಕೊಡುತ್ತಿತ್ತು, ಅವಳು ಕೊಡುತ್ತಿರಲಿಲ್ಲ.

ಹಳ್ಳದ ಈಚೆ ದಡಕ್ಕೆ ಬಂದು ಕೆಳಗೆ ಬಗ್ಗಿ ನೋಡಲು ನನಗೆ ಧೈರ್ಯವಾಗಲಿಲ್ಲ. ಸುಳ್ಳಲ್ಲ. ಕಣ್ಣು ಮುಚ್ಚಿ ನಿಂತುಬಿಟ್ಟೆ. ಅವಳು ಹುಟ್ಟಿದಾಗ ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟ ನೆನಪಾಯಿತು. ಬೀಳಿಸಿಬಿಡುತ್ತೇನೆ ಎಂದು ಆಗಲೂ ಹೀಗೇ ನಡುಗಿದ್ದೆ.

“ಇಲ್ಲಿಲ್ಲ,” ಎಂದರು ಡಾಕ್ಟರು ಪಕ್ಕದಲ್ಲಿ. “ರೀ, ಕಣ್ಣು ಬಿಡಿ. ಕೆಳಗೆ ಯಾರೂ ಇಲ್ಲ.”

ಬಂಡೆಗಳು ಖಾಲಿ ಇದ್ದವು. ಹಳ್ಳದ ಪಕ್ಕದಿಂದ ಬಳಸಿ ಆಚೆ ದಡಕ್ಕೆ ಹತ್ತಿದೆವು. ಸಪಾಟು ಜಾಗದ ಮಣ್ಣಿನಲ್ಲಿ ಎಲ್ಲ ಟೈರುಗಳ ಗುರುತೂ ನೇರವಾಗಿ ಹಳ್ಳದ ಅಂಚಿಗೆ ಹೋಗಿತ್ತು. ಒಂದೇ ಒಂದು ಗುರುತು ಹಳ್ಳಕ್ಕೆ ಇನ್ನೂ ದೂರವಿರುವಾಗಲೇ ಎಡಕ್ಕೆ ಹೊರಳಿ, ದಾರಿ ಬಿಟ್ಟು ಪೊದೆಯೊಳಗೆ ನುಗ್ಗಿತ್ತು. ಪೊದೆಯ ಹಿಂದೆ ಅವಳ ಬೈಕು ಚಕ್ರ ಮೇಲಾಗಿ ಬಿದ್ದಿತ್ತು. ಹಿಂದಿನ ಚಕ್ರ ಇನ್ನೂ ಮೆಲ್ಲಗೆ ತಿರುಗುತ್ತಿತ್ತು. ಬಾಮೈದ ಓಡುವ ರಭಸದಲ್ಲಿ ಅದಕ್ಕೆ ತಾಗಿರಬೇಕು.

ಪೊದೆಯ ಆಚೆ, ದಾರಿಗೆ ಕಾಣದಷ್ಟು ತಗ್ಗಿನಲ್ಲಿ, ಮಗಳು ಮರಕ್ಕೆ ಒರಗಿ ಕೂತಿದ್ದಳು. ಹೆಲ್ಮೆಟ್ಟಿನ ಒಂದು ಪಕ್ಕ ಸೀಳಿತ್ತು. ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡಿದ್ದಳು. ಮೊಣಕೈಯಿಂದ ರಕ್ತ ಸೋರುತ್ತಿತ್ತು. ಬಾಮೈದ ಅವಳ ಮುಂದೆ ಮಂಡಿಯೂರಿದ್ದ. ಅವಳ ಮುಖವನ್ನೇ ನೋಡುತ್ತಿದ್ದ.

ನಾನು ಅವಳ ಪಕ್ಕದಲ್ಲೇ ಧೊಪ್ಪೆಂದು ಕೂತುಬಿಟ್ಟೆ. “ಪುಟ್ಟೀ, ಕೂಗಿದ್ದು ಕೇಳಲಿಲ್ವೇನೇ?”

“ಕೇಳಿಸ್ತು ಅಪ್ಪಾ. ಉಸಿರೇ ಬರ್ತಿರಲಿಲ್ಲ. ಬಿದ್ದಾಗ ಎದೆ ಹಿಡ್ಕೊಂಡುಬಿಡ್ತು. ಈಗ ಪರವಾಗಿಲ್ಲ.”

ಡಾಕ್ಟರು ಬಗ್ಗಿ ಅವಳ ಕೈ ಮುಟ್ಟಿ ನೋಡಿದರು. ಬೆರಳು ಆಡಿಸಲು ಹೇಳಿದರು. ಕಣ್ಣಿಗೆ ಫೋನಿನ ಬೆಳಕು ಹಾಕಿ ನೋಡಿದರು.

“ಮಣಿಕಟ್ಟು ಮುರಿದಿರಬಹುದು. ಬೇರೆಲ್ಲ ಸರಿಯಾಗಿದೆ ಅನ್ಸುತ್ತೆ. ನಾನು ಹಲ್ಲಿನೋನು, ಆಸ್ಪತ್ರೆಲಿ ಇನ್ನೊಮ್ಮೆ ತೋರಿಸೋಣ.”

“ಹಲ್ಲೂ ಸರಿಯಾಗೇ ಇದೆ ಅಂಕಲ್,” ಎಂದು ಅವಳು ಬಾಯಿ ತೆರೆದು ತೋರಿಸಿದಳು. ನಗಲು ಹೋಗಿ ಎದೆ ಹಿಡಿದುಕೊಂಡಳು. ನನಗೆ ಅಳು ಬಂತು. ಮುಖ ಆಚೆ ತಿರುಗಿಸಿದೆ.

ಆಗ ಅವಳು ಹೇಳಿದಳು, ನನಗಲ್ಲ, ಅವನಿಗೆ.

“ಮಾವ, ನೀವು ಹೇಳಿದ ಹಾಗೇ ಮಾಡಿದೆ. ಹಳ್ಳದ ಹತ್ರ ಹೋಗೋ ಮುಂಚೇನೇ ಒಂದ್ಸಲ ತುಳಿದು ನೋಡಿದೆ. ಟಕ್ ಅಂತ ಜಾರ್ತು. ಅಲ್ಲೇ ಎಡಕ್ಕೆ ಎಳೆದುಬಿಟ್ಟೆ.”

ಬಾಮೈದ ಕಣ್ಣು ಕೆಳಗೆ ಹಾಕಿದ.

ನಾನು ತಿರುಗಿದೆ. “ಏನು ಹೇಳಿದ್ದ ನಿಂಗೆ?”

ಅವಳಿಗೆ ತಪ್ಪಾಯಿತೆಂದು ಅರ್ಥವಾಯಿತು. ಮಾವನ ಮುಖ ನೋಡಿದಳು. “ಏನಿಲ್ಲ ಅಪ್ಪಾ.”

“ಏನು ಹೇಳಿದ್ದ ಅಂದೆ!”

“ಬೆಳಿಗ್ಗೆ ಹೊರಡೋವಾಗ ಕಿವೀಲಿ ಹೇಳಿದ್ರು ಅಷ್ಟೇ. ಹಾರೋ ಮುಂಚೆ ಒಂದ್ಸಲ ಜೋರಾಗಿ ತುಳಿದು ನೋಡ್ಕೋ, ಜಾರಿದ್ರೆ ಹಾರಬೇಡ, ಅಂದ್ರು. ಯಾಕೆ ಅಂತ ಕೇಳಿದ್ರೆ ಸುಮ್ನೆ ಅಂದ್ರು.”

ಅಂದರೆ ಅವನಿಗೆ ಗೊತ್ತಿತ್ತು. ಅಂಗಡಿಯಲ್ಲಿ ನಾನು ವರ್ನಿಯರ್ ಹಿಡಿದು ಬೆವರುತ್ತಿದ್ದಾಗ ಅಲ್ಲ, ಮೊದಲೇ ಗೊತ್ತಿತ್ತು. ಬ್ರೇಕು ಎಂದಿದ್ದು, ಗ್ರೀಸು ಎಂದಿದ್ದು, ಕಾಫಿ ಕುಡಿದು ಬನ್ನಿ ಎಂದಿದ್ದು ಎಲ್ಲ ಒಂದಾದ ಮೇಲೊಂದು ತಲೆಯೊಳಗೆ ಬಂದು ಕೂತವು.

“ಗೊತ್ತಿತ್ತೇನೋ?”

“ಅನುಮಾನ ಇತ್ತು ಭಾವ.”

“ಅನುಮಾನ ಇಟ್ಕೊಂಡು ಕಳಿಸಿದ್ಯಾ? ನಿನ್ನ ಅಕ್ಕನ ಮಗಳನ್ನ?”

“ರಾತ್ರಿಯಿಂದ ನಿದ್ದೆ ಮಾಡಿಲ್ಲ. ಅಳೆದು ನೋಡಿದ್ರೆ ಗೊತ್ತಾಗ್ತಿತ್ತು. ವರ್ನಿಯರ್ ನಿಮ್ಮ ಜೇಬಲ್ಲಿತ್ತು.”

“ಕೇಳೋಕೆ ಏನಾಗಿತ್ತು ರೋಗ?”

ಅವನು ತಲೆ ಎತ್ತಿ ನನ್ನನ್ನು ನೋಡಿದ. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡಿದ್ದರೂ ಅವನು ನನ್ನನ್ನು ಹಾಗೆ ನೇರವಾಗಿ ನೋಡಿದ್ದು ನೆನಪಿಲ್ಲ.

“ಕೇಳಿದ್ರೆ ಯಾಕೆ ಅಂತಿದ್ರಿ. ತಟ್ಟೆ ಬಿತ್ತು ಅನ್ನಬೇಕಿತ್ತು. ಹೋದ ಸಲ ಒಂದು ಬೇರಿಂಗ್ ಕಳೆದಾಗ ಗಿರಾಕಿಗಳ ಮುಂದೆ ಅಂದ್ರಲ್ಲ, ಅನ್ನ ದಂಡಕ್ಕೆ ತಿಂತೀಯ ಅಂತ. ಅದು ಅಕ್ಕನ ಕಿವಿಗೂ ಬಿದ್ದು ಮನೇಲಿ ಅಳ್ತಿದ್ಲು. ಮತ್ತೆ ಅದು ಬೇಡ ಅನ್ನಿಸ್ತು. ಬೆಳಿಗ್ಗೆ ಇವಳು ಹೊರಡೋವಾಗ ಹೇಳೋಣ ಅಂತ ಬಾಯಿವರೆಗೂ ಬಂತು. ನೀವು ಅಲ್ಲೇ ನಿಂತಿದ್ರಿ.”

“ನಾನು ನಿಂತಿದ್ದೆ ಅಂತ ಇವಳನ್ನ ಸಾಯೋಕೆ ಕಳಿಸಿದ್ಯಾ?”

“ಅಪ್ಪಾ, ಸಾಕು,” ಎಂದಳು ಮಗಳು.

ನನಗೆ ಸಾಕಾಗಲಿಲ್ಲ. ಅಷ್ಟು ಹೊತ್ತು ಎದೆಯಲ್ಲಿ ಗಡ್ಡೆಕಟ್ಟಿದ್ದ ಹೆದರಿಕೆಯೆಲ್ಲ ಬಾಯಿಯಿಂದ ಹೊರಗೆ ಬಂತು. ಏನೇನು ಅಂದೆನೋ ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅವನ ಅನ್ನದ ಮಾತು ಮತ್ತೆ ಅಂದೆ. ಹೆಂಡತಿ ಮಕ್ಕಳಿಲ್ಲದವನಿಗೆ ಕರುಳಿನ ಸಂಕಟ ಏನು ಗೊತ್ತು ಅಂದೆ. ಡಾಕ್ಟರು ನನ್ನ ಭುಜ ಹಿಡಿದು ಎಳೆದರು. ಕೊಡವಿಕೊಂಡು ಇನ್ನೂ ಅಂದೆ. ಕೊನೆಗೆ, “ನನ್ನ ಅಂಗಡಿ ಮೆಟ್ಟಿಲು ಹತ್ತಬೇಡ. ಮನೆದೂ ಹತ್ತಬೇಡ,” ಅಂದೆ.

ಅವನು ನನ್ನ ದನಿ ನಿಂತ ಮೇಲೆ ತನ್ನ ಅಂಗಿ ಬಿಚ್ಚಿ ಅವಳ ಕೈಯನ್ನು ಕುತ್ತಿಗೆಗೆ ಜೋಲಿಯ ಹಾಗೆ ಕಟ್ಟಿದ. ಬನಿಯನ್ನಿನಲ್ಲೇ ಬಗ್ಗಿ ಬೆನ್ನು ಕೊಟ್ಟ. ಅವಳು ಒಳ್ಳೆಯ ಕೈಯಿಂದ ಅವನ ಕುತ್ತಿಗೆ ತಬ್ಬಿಕೊಂಡಳು. ಆ ಇಳಿಜಾರನ್ನೆಲ್ಲ ಅವಳನ್ನು ಹೊತ್ತುಕೊಂಡೇ ಇಳಿದ. ಎಲ್ಲೂ ಜಾರಲಿಲ್ಲ. ನಾನು ಹಿಂದೆ ಅವಳ ಬೈಕು ತಳ್ಳಿಕೊಂಡು ಬಂದೆ. ಹಿಂದಿನ ಚಕ್ರ ಗಾಳಿಯ ಹಾಗೆ ಹಗುರವಾಗಿ ಉರುಳುತ್ತಿತ್ತು.

ಕೆಳಗೆ ಡ್ರೈವರ್ ಕಾರಿನ ಬಾಗಿಲು ತೆಗೆದು ನಿಂತಿದ್ದ. ಬಾಮೈದ ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತಲೆಗೆ ತಾಗದ ಹಾಗೆ ಕೈ ಅಡ್ಡ ಇಟ್ಟು, ಬೆಲ್ಟು ಹಾಕಿದ. ಅವಳು ಅವನ ಬೆರಳು ಹಿಡಿದುಕೊಂಡಳು.

“ಹತ್ತಿ ಮಾವ.”

“ನೀನು ಹೋಗು. ಆಸ್ಪತ್ರೆಗೆ ಹೊತ್ತಾಗುತ್ತೆ.”

“ನೀವು?”

“ಬರ್ತೀನಿ ಹೋಗು ಪುಟ್ಟಿ.”

ಬೆರಳು ಬಿಡಿಸಿಕೊಂಡ. ಬಾಗಿಲು ಹಾಕಿದ, ಸರಿಯಾಗಿ ಬಿತ್ತೋ ಇಲ್ಲವೋ ಎಂದು ಒಮ್ಮೆ ಎಳೆದು ನೋಡಿದ. ನನ್ನ ಮುಂದಿನಿಂದಲೇ ಹಾದುಹೋದ, ನನ್ನನ್ನು ನೋಡಲಿಲ್ಲ. ಊರಿನ ಕಡೆಯ ರಸ್ತೆ ಬಿಟ್ಟು ಎದುರು ದಿಕ್ಕಿಗೆ, ದೊಡ್ಡ ರಸ್ತೆಯ ಕಡೆಗೆ ನಡೆಯತೊಡಗಿದ. ಬೆನ್ನಿನ ಮೇಲೆ ಬನಿಯನ್ನು ಬೆವರಿಗೆ ಅಂಟಿತ್ತು. ಅವಳ ಮೊಣಕೈಯ ರಕ್ತ ಭುಜಕ್ಕೆ ಹತ್ತಿತ್ತು.

“ಕರೀರಿ,” ಎಂದರು ಡಾಕ್ಟರು ನನ್ನ ಕಿವಿಯ ಹತ್ತಿರ. “ಒಂದು ಮಾತು ಸಾಕು. ಕರೀರಿ ಮಾರಾಯ್ರೇ.”

ನನ್ನ ಬಾಯಿ ತೆರೆಯಿತು. ನನ್ನ ದನಿ ಊರಿಗೆಲ್ಲ ಗೊತ್ತು, ಬೀದಿಯ ಆ ತುದಿಯಿಂದ ಈ ತುದಿಗೆ ಕೇಳುತ್ತದೆ. ಆ ಗಳಿಗೆಯಲ್ಲಿ ಗಂಟಲಿನಲ್ಲಿ ಗಾಳಿ ಬಿಟ್ಟರೆ ಬೇರೇನೂ ಬರಲಿಲ್ಲ. ಕೂಗಿದರೆ ಅದು ಮತ್ತೆ ಬೈಗುಳವೇ ಆಗಿಬಿಡುತ್ತದೇನೋ, ಅವನು ಇನ್ನೂ ಬೇಗ ನಡೆಯುತ್ತಾನೇನೋ ಎಂದು ಹೆದರಿಕೆಯಾಯಿತು.

ಕಾರಿನೊಳಗಿಂದ ಮಗಳು ಗಾಜು ಬಡಿದು, “ಅಪ್ಪಾ, ಮಾವ ಹೋಗ್ತಿದಾರೆ!” ಎಂದಳು.

ದೊಡ್ಡ ರಸ್ತೆಯಲ್ಲಿ ಬಸ್ಸೊಂದು ಬಂತು. ಅವನು ಕೈ ಎತ್ತಿದ. ಬಸ್ಸು ನಿಂತು ಹೊರಟಿತು. ಅದು ಎಬ್ಬಿಸಿದ ಧೂಳು ಇಳಿದ ಮೇಲೆ ನೋಡಿದರೆ ರಸ್ತೆಯಲ್ಲಿ ಯಾರೂ ಇರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಹೋದಾಗ ಹೆಂಡತಿ ಮಗಳ ಕೈಗೆ ಹಾಕಿದ್ದ ಪಟ್ಟಿ ನೋಡಿ ಬಾಯಿಗೆ ಸೆರಗು ಹಿಡಿದಳು. ಆಮೇಲೆ ನಮ್ಮ ಹಿಂದೆ, ಬಾಗಿಲಿನ ಆಚೆಗೆ ಕಣ್ಣು ಹಾಯಿಸಿ, “ನನ್ನ ತಮ್ಮ ಎಲ್ಲಿ?” ಎಂದು ಕೇಳಿದಳು.

“ಬರ್ತಾನೆ,” ಎಂದೆ.

ಅವನು ಬರಲಿಲ್ಲ.